ತಿರುಗಿ ಬಂದ ಅನ್ನದ ಪೊಟ್ಟಣ

ಹಲಗೆಯ ಮೇಲಿದ್ದ ಮೀನಿನ ತತ್ತಿಯ ಗಟ್ಟಿಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತ ಮಾಲ್‌ಸುನ್ ಎಳ್ಳೆಣ್ಣೆ ಸವರುತ್ತಿದ್ದಳು. ಸುಂಗೊ ಮೀನಿನ ತತ್ತಿಯೆಂದರೆ ಬಾಣಂತಿ ಮನೆಯ ಕೂಸಿದ್ದ ಹಾಗೆ. ಬಿಸಿಲು ಹೆಚ್ಚಾದರೆ ಬಿರುಕು ಬಿಡುತ್ತದೆ, ಗಾಳಿ ಸಾಲದೆ ಹೋದರೆ ಬೂಷ್ಟು ಹಿಡಿಯುತ್ತದೆ. ಉಪ್ಪಲ್ಲಿ ನೆನೆಸಿ, ಹಲಗೆಗಳ ನಡುವೆ ಒತ್ತಿ, ನೆರಳಲ್ಲಿ ಒಣಹಾಕಿ, ಜೇನಿನ ಬಣ್ಣಕ್ಕೆ ತಿರುಗುವ ತನಕ ಬೆಳಿಗ್ಗೆ ಸಂಜೆ ಎಣ್ಣೆಯ ಕೈ ಆಡಿಸುತ್ತಲೇ ಇರಬೇಕು. ಬೇರೆ ವರ್ಷಗಳಲ್ಲಿ ಬಾರ್ಲಿ ಹಣ್ಣಾಗುವ ಹೊತ್ತಿಗೆ ಅವಳ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈ ವರ್ಷ ಒಂದೇ ಹಲಗೆ, ಅದೂ ಅರ್ಧ ಖಾಲಿ.

"ಈಮೊ, ನೊಣ ಓಡಿಸ್ಲಾ?" ಪಕ್ಕದ ಕೋಣೆಯಿಂದ ಸೊಲ್ಹಾ ಕೂಗಿ ಕೇಳಿದಳು. ಬಾಡಿಗೆಗೆ ಬಂದ ಮೊದಲ ವಾರದಿಂದಲೇ ಅವಳು ಮಾಲ್‌ಸುನ್‌ಳನ್ನು ತಾಯಿಯ ತಂಗಿಯನ್ನು ಕರೆದಂತೆ ಈಮೊ ಎಂದು ಕರೆಯುತ್ತಿದ್ದಳು.

"ಬೇಡ ಬಿಡು. ಇರೋ ನಾಕು ತತ್ತಿ ನೋಡಿ ನೊಣಕ್ಕೇ ಬೇಜಾರಾಗಿ ಹೋಗ್ಬಿಟ್ಟಿದೆ."

ಸೊಲ್ಹಾ ನಗಲಿಲ್ಲ. ಆ ತತ್ತಿ ಕಡಿಮೆಯಾದದ್ದಕ್ಕೆ ಊರಿನವರು ದೂರುತ್ತಿದ್ದುದು ಅವಳ ಚಕ್ರವನ್ನೇ.

ಮನೆಯ ಹಿತ್ತಲಿಂದ ಕೂಗಳತೆಯಲ್ಲಿ ಸೋರಿಮೋಕ್ ಜಲಸಂಧಿ. ನಿಜಕ್ಕೂ ಕೂಗುವುದು ಅದೇ. ಭರತಕ್ಕೊಮ್ಮೆ ಇಳಿತಕ್ಕೊಮ್ಮೆ ಇಡೀ ಸಮುದ್ರ ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ಏಳುವ ಸದ್ದಿನಿಂದಾಗಿ ಊರಿನವರೆಲ್ಲ ಹುಟ್ಟಾ ಗಟ್ಟಿ ಗಂಟಲಿನವರು. ಗುಟ್ಟನ್ನೂ ಕಿರುಚಿಯೇ ಹೇಳುತ್ತಾರೆ. ಆ ಸೆಳವಿನ ನಡುವೆ ಸಂಶೋಧನಾ ಸಂಸ್ಥೆಯವರು ದಪ್ಪ ಕಾಲುಗಳ ಕಬ್ಬಿಣದ ಅಟ್ಟಣಿಗೆ ನಿಲ್ಲಿಸಿ, ಅದರ ಹೊಟ್ಟೆಯೊಳಗೆ ಒಂದು ಟರ್ಬೈನ್ ಚಕ್ರ ಇಳಿಸಿದ್ದರು. ನೀರು ನುಗ್ಗಿದಾಗ ಅದರ ರೆಕ್ಕೆ ತಿರುಗಿ ಕರೆಂಟು ಹುಟ್ಟುತ್ತದೆ. ಊರಿನ ಐಸ್ ಕೋಠಿ ಓಡುತ್ತಿದ್ದುದು ಅದರಲ್ಲೇ. ಪರೀಕ್ಷೆಗೆಂದು ಇಟ್ಟದ್ದು, ಸರಿಹೋದರೆ ಇಂಥವನ್ನೇ ಇನ್ನಷ್ಟು ಇಡುವ ಯೋಚನೆ ಅವರಿಗೆ. ಆ ಚಕ್ರದಿಂದ ಮೀನಿಗೆ, ಪಾಚಿಗೆ, ತಳದ ಕೆಸರಿಗೆ ಏನಾಗುತ್ತದೆ ಎಂದು ನೋಡುವುದು ಸೊಲ್ಹಾಳ ಕೆಲಸ. ಊರಿನವರು ಎದುರಿಗೆ ಡಾಕ್ಟರಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಚಕ್ರದ ಹುಡುಗಿ ಎನ್ನುತ್ತಿದ್ದರು.

ಗೇಟು ಕಿರ್ ಎಂದಿತು. ಪಾನ್‌ಸೊಕ್ ಮುದುಕ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಒಳಗೆ ಬಂದ. ಮಾಲ್‌ಸುನ್‌ಳ ಅಪ್ಪನ ಗೆಳೆಯ. ಕೈಬಲೆ ಹಿಡಿದರೆ ಊರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಲಗೆಯ ಮೂಲೆಯಲ್ಲಿ ತತ್ತಿಯ ಕೆಳಗಿಂದ ಇಣುಕುತ್ತಿದ್ದ ಲಕೋಟೆಯ ಮೇಲೆ ಅವನ ಕಣ್ಣು ನೆಟ್ಟಿತು.

"ಏನಮ್ಮ ಯಜಮಾನ್ತಿ, ಕಾಗದ ಕಳಿಸ್ದ್ಯಾ, ಇಲ್ಲ ಅದಕ್ಕೂ ಎಣ್ಣೆ ಹಚ್ಚಿ ಒಣಗಿಸ್ತಿದೀಯಾ?"

"ಮೊಹರಿನ ಮಸಿ ಒಣಗಿದೆ ದೊಡ್ಡಪ್ಪ."

"ಚಳಿಗಾಲದಿಂದ ಒಣಗ್ತಾನೇ ಇದೆ ನಿನ್ನ ಮಸಿ! ಸಮುದ್ರ ಬತ್ತಿ ಹೋದ್ರೂ ನಿಂಗೆ ಮಸಿ ಸಿಗಲ್ಲ."

ಆ ಲಕೋಟೆಯೊಳಗೆ ಇದ್ದದ್ದು ಮೀನುಗಾರರ ಸಂಘದ ತೀರ್ಮಾನ: ಪರೀಕ್ಷೆಯ ಅವಧಿ ಮುಗಿದೊಡನೆ ಚಕ್ರವನ್ನು ಕಿತ್ತುಕೊಂಡು ಹೋಗಿ. ಊರು ಒಪ್ಪದಿದ್ದರೆ ಸಂಸ್ಥೆ ಮುಂದುವರಿಸುವಂತಿರಲಿಲ್ಲ. ಆದರೆ ಈ ತಿಂಗಳ ಕೊನೆಯೊಳಗೆ ಕಾಗದ ತಲುಪದಿದ್ದರೆ ಊರಿಗೆ ಒಪ್ಪಿಗೆಯಿದೆ ಎಂದೇ ಲೆಕ್ಕ. ಸಂಘದ ಯಜಮಾನ್ತಿ ಮಾಲ್‌ಸುನ್. ಮೊಹರು ಒತ್ತುವ ಕೈ ಅವಳದು. ಒತ್ತಿದರೆ, ತನ್ನ ಮನೆಯ ಅನ್ನ ಉಂಡ ಹುಡುಗಿಯ ಕೆಲಸವನ್ನೆಲ್ಲ ನೀರಿಗೆ ಹಾಕಿದಂತೆ. ಒತ್ತದಿದ್ದರೆ, ಊರಿನ ಮೀನನ್ನು ತಾನೇ ಮಾರಿದಂತೆ. ಅದಕ್ಕಿಂತ ಹೆಚ್ಚಾಗಿ, ಯಾವುದು ನಿಜವೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಮೊಹರು ಒತ್ತುವುದು ಅವಳ ಜಾಯಮಾನವಲ್ಲ.

ಸೊಲ್ಹಾ ಹೊರಗೆ ಬಂದು ತಲೆಬಾಗಿ ನಮಸ್ಕರಿಸಿದಳು. "ಅಜ್ಜಾ, ಮೀನು ಕಡಿಮೆ ಆಗಿಲ್ಲ. ಅಟ್ಟಣಿಗೆ ಹತ್ರ ಇಟ್ಟಿರೋ ಯಂತ್ರ ಸದ್ದು ಕಳಿಸಿ ಮೀನು ಎಣಿಸುತ್ತೆ. ಹಿಂದಿಗಿಂತ ಜಾಸ್ತೀನೇ ಇವೆ."

"ನಿನ್ನ ಯಂತ್ರದಲ್ಲಿ ಮೀನಿದೆ, ನನ್ನ ಬಲೇಲಿ ಇಲ್ಲ. ಏನ್ ಮಾಡ್ಲಿ, ನಿನ್ನ ಯಂತ್ರಾನೇ ಸುಟ್ಕೊಂಡು ತಿನ್ಲಾ?"

"ನೀವು ಹೇಳಿದ್ರಿ ಅಂತ ಹೋದ ವರ್ಷ ಸುಗ್ಗೀಲಿ ಚಕ್ರ ನಿಲ್ಲಿಸಿದ್ವಲ್ಲ. ಆಗ್ಲೂ ಬರ್ಲಿಲ್ಲ."

"ಅದರ ಗುಂಯ್ ಅನ್ನೋ ಸದ್ದು ಮೀನಿನ ಕಿವಿಯೊಳಗೆ ಇಳಿದುಬಿಟ್ಟಿದೆ. ನೀನು ನಿಲ್ಲಿಸಿದೆ ಅಂತ ಅವಕ್ಕೆ ಯಾರು ಹೋಗಿ ಹೇಳ್ಬೇಕು? ನಾನಾ?"

ಇಬ್ಬರ ಮಾತೂ ಮಾಲ್‌ಸುನ್‌ಗೆ ನಿಜವೆನ್ನಿಸುತ್ತಿತ್ತು. ಅದೇ ಅವಳ ಕಷ್ಟ.

ಬಾರ್ಲಿಯ ಕಾಲಕ್ಕೆ ಸುಂಗೊ ಮೀನು ಇಳಿತದ ನೀರಿಗೆ ಎದುರಾಗಿ ಸೋರಿಮೋಕ್ ಹತ್ತುತ್ತದೆ. ನಡುನೀರಿನ ರಭಸ ಮೀನಿಗೂ ತಡೆಯಲಾಗದು. ದಡದ ಬಂಡೆಗೆ ಮೈ ಉಜ್ಜಿಕೊಂಡೇ ಮೇಲೇರಬೇಕು. ಹಾಗಾಗಿ ಊರಿನವರಿಗೆ ದೋಣಿ ಬೇಡ, ಗಾಳ ಬೇಡ. ಸರದಿ ಬಂಡೆಯ ಮೇಲೆ ಉದ್ದ ಹಿಡಿಯ ಕೈಬಲೆ ಹಿಡಿದು ಉಸಿರು ಬಿಗಿಹಿಡಿದು ನಿಂತು, ನೀರಲ್ಲಿ ಬೆಳ್ಳಿ ಮಿಂಚಿದೊಡನೆ ಗೋರಿ ಎತ್ತುವುದು. ಯಾವ ಮನೆಗೆ ಯಾವ ಜಾಗ, ಯಾರಾದ ಮೇಲೆ ಯಾರು ಎಂಬುದು ಮುತ್ತಜ್ಜಂದಿರ ಕಾಲದಲ್ಲೇ ಇತ್ಯರ್ಥವಾದದ್ದು. ಆ ಬಂಡೆ ಬಿಟ್ಟು ಇನ್ನೆಲ್ಲಾದರೂ ಬಲೆ ನೀರಿಗೆ ತಾಗಿತೋ, ಅವನು ಊರಿನ ಪಾಲಿಗೆ ಕಳ್ಳ. ಎರಡು ಸುಗ್ಗಿಯಿಂದ ಬಂಡೆಯ ಮುಂದೆ ದಾರಿ ತಪ್ಪಿ ಬಂದ ಒಂದೆರಡು ಬಿಟ್ಟರೆ ಮೀನು ಮಿಂಚದಿದ್ದರೂ ಜನ ಸರದಿ ತಪ್ಪಿಸಿರಲಿಲ್ಲ. ಅದೇ ಜಾಗ, ಅದೇ ಕ್ರಮ, ಖಾಲಿ ಬಲೆ.

ಅದೇ ವಾರ ಮಾಲ್‌ಸುನ್‌ಳ ಅಣ್ಣ ತೀರಿಹೋದ ದಿನ ಬಂತು.

ಅಣ್ಣ ಹೋದದ್ದು ಇದೇ ನೀರಲ್ಲಿ. ಊರಿನವರು ತಿನ್ನುವ, ಮಾರುವ ಕಡಲಪಾಚಿ ತರಲೆಂದು ದೋಣಿ ತೆಗೆದುಕೊಂಡು ಹೋದವನು, ಮೀಸೆ ಆಗಷ್ಟೇ ಚಿಗುರಿದ್ದವನು; ಅವನ ದೇಹವೂ ಸಿಗಲಿಲ್ಲ. ಹಾಗೆ ಸಮಾಧಿಯಿಲ್ಲದೆ ಹೋದವರಿಗೆಲ್ಲ ಊರಿನವರು ಎಡೆ ಕೊಡುವುದು ಸರದಿ ಬಂಡೆಗಿಂತ ಕೆಳಗೆ, ಇಳಿತದ ನೀರು ಸಾಗುವ ದಿಕ್ಕಿನಲ್ಲಿರುವ ಅನ್ನದ ಬಂಡೆಯಲ್ಲಿ. ಬಿಳಿ ಕಾಗದದಲ್ಲಿ ಅನ್ನ ಕಟ್ಟಿ, ದಾರ ಸುತ್ತಿ, ಸೆಳವು ಜೋರಾಗಿರುವ ಹೊತ್ತು ನೋಡಿ ಎಸೆಯಬೇಕು. ನೀರು ಅದನ್ನು ಗಬಕ್ಕನೆ ಎಳೆದುಕೊಂಡು ಹೋದರೆ ಹೋದವರು ಉಂಡರು ಎಂದರ್ಥ. ತಿರುಗಿ ಬಂದರೆ ಕೋಪ ಎಂದರ್ಥ. ತಿರುಗಿ ಬಂದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಸೋರಿಮೋಕ್ ಕೈಗೆ ಸಿಕ್ಕಿದ್ದನ್ನು ಬಿಡುವ ನೀರಲ್ಲ. ಆ ಬಂಡೆಯ ಸುತ್ತ ಬಲೆ ಹಾಕುವುದಿರಲಿ, ಕಾಲು ತೊಳೆಯುವುದೂ ಇಲ್ಲ. ಸೊಲ್ಹಾ ಊರಿಗೆ ಬಂದ ಹೊಸತರಲ್ಲಿ, ಅಲ್ಲಿ ಯಂತ್ರಗಿಂತ್ರ ಇಳಿಸಬೇಡ ತಾಯಿ ಎಂದು ಮಾಲ್‌ಸುನ್ ತಾನೇ ಕೈಮುಗಿದು ಹೇಳಿದ್ದಳು. ಸೊಲ್ಹಾ ಮರುಮಾತಾಡದೆ ಒಪ್ಪಿ, ತನ್ನ ನಕ್ಷೆಯಲ್ಲಿ ಆ ಜಾಗವನ್ನು ಬಿಳಿಯಾಗಿಯೇ ಬಿಟ್ಟಿದ್ದಳು.

ಎಡೆಯ ತಟ್ಟೆ ಹೊತ್ತು ಸೊಲ್ಹಾ ಜೊತೆಗೆ ಬಂದಳು. ಪಾನ್‌ಸೊಕ್ ಕೂಡ ಕುಂಟುತ್ತ ಬಂದ. ಅಣ್ಣನಿಗೆ ಮೊದಲ ಬಾರಿ ಕೈಬಲೆ ಹಿಡಿಯಲು ಕಲಿಸಿದ್ದು ಅವನೇ. ನೀರು ಇಳಿಮುಖವಾಗಿ ಅಬ್ಬರಿಸುತ್ತಿತ್ತು. ಮಾಲ್‌ಸುನ್ ಸೋಜು ಸಾರಾಯಿ ಸುರಿದಳು, ಬೇಯಿಸಿದ ಮೊಟ್ಟೆ ಸುಲಿದಿಟ್ಟಳು, ಅನ್ನದ ಪೊಟ್ಟಣವನ್ನು ಹಣೆಗೊತ್ತಿ ಎಸೆದಳು.

ಪೊಟ್ಟಣ ನೀರಿಗೆ ಬಿದ್ದು ನಾಕು ಮಾರು ಹೋಯಿತು. ಅಲ್ಲಿ ನಿಂತಿತು. ಆಮೇಲೆ ಏನೋ ಮರೆತು ಹೋದವರ ಹಾಗೆ ಮೆಲ್ಲಗೆ ಸುತ್ತು ಹಾಕಿ, ದಡದ ಗುಂಟ ಹಿಂದಕ್ಕೆ ಬಂದು ಅವಳ ಕಾಲ ಬುಡದಲ್ಲಿ ಬಂಡೆಗೆ ತಟ್ಟಿತು.

ಮಾಲ್‌ಸುನ್ ಬಾಗಿ ಎತ್ತಿಕೊಂಡು ಇನ್ನೂ ದೂರಕ್ಕೆ ಎಸೆದಳು. ಅದು ಮತ್ತೆ ಸುತ್ತಿಕೊಂಡು ಬಂತು.

"ಕೋಪ!" ಪಾನ್‌ಸೊಕ್ ಮಂಡಿಯೂರಿ ಕುಳಿತುಬಿಟ್ಟ. "ನೋಡಿದ್ಯಾ? ನೋಡಿದ್ಯಾ? ಅವನ ತಲೆ ಮೇಲೆ ಕಬ್ಬಿಣ ನೆಟ್ಟಿದೀರಿ. ನೀನು ಕಾಗದ ಅಡಗಿಸಿಟ್ಕೊಂಡಿದೀಯ. ಉಣ್ಣಲ್ಲ ಅಂತಿದಾನೆ!"

ಸೊಲ್ಹಾಳ ಮುಖ ಬಿಳುಚಿಕೊಂಡಿತು. ಹಿಡಿದ ತಟ್ಟೆ ವಾಲಿ ಮೊಟ್ಟೆ ಬಂಡೆಯ ಮೇಲೆ ಉರುಳಿತು.

ಮಾಲ್‌ಸುನ್ ಮೂರನೆಯ ಸಲ ಎಸೆದು ನೀರನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಒಳಗೆ ಏನೋ ಒಂದು ಒಪ್ಪುತ್ತಿರಲಿಲ್ಲ. ಅಣ್ಣನಿಗೆ ಕೋಪ ಬರುವುದುಂಟೆ? ಅವಳು ಅವನ ಪಾಲಿನ ಸಿಹಿಗೆಣಸನ್ನೂ ಕದ್ದು ತಿಂದವಳು, ಅವನು ನಕ್ಕು ಸುಮ್ಮನಾಗುತ್ತಿದ್ದ. ಅನ್ನದ ಮೇಲಂತೂ ಮುನಿದವನೇ ಅಲ್ಲ, ಪಕ್ಕದ ಮನೆಯ ಅನ್ನವನ್ನೂ ಬಿಟ್ಟವನಲ್ಲ.

ಪೊಟ್ಟಣ ಸುತ್ತು ಹಾಕಿ ಮರಳುತ್ತಿತ್ತು. ಆಗ ಅದು ಒಮ್ಮೆ ಕುಣಿಯಿತು. ಇನ್ನೊಮ್ಮೆ. ಕಾಗದ ಹರಿದು ಅನ್ನ ಚೆಲ್ಲಾಡಿತು. ಕೆಳಗಿನಿಂದ ಒಂದು ಬೆಳ್ಳಿಯ ಬೆನ್ನು ಎದ್ದು ಹೊರಳಿತು, ಅದರ ಹಿಂದೆ ಇನ್ನೊಂದು, ಮತ್ತೊಂದು.

"ದೊಡ್ಡಪ್ಪಾ," ಮಾಲ್‌ಸುನ್ ಹೇಳಿದಳು, ಆ ಊರಲ್ಲಿ ಯಾರೂ ಮಾತಾಡದಷ್ಟು ಮೆಲ್ಲಗೆ, "ಗೋಳಾಡೋದು ಸಾಕು. ಎದ್ದು ನೋಡು."

ಮುದುಕ ಎದ್ದು ನೋಡಿದ. ಸುಂಗೊ ಮೀನಿನ ಹಿಂಡು ಬಂಡೆಯ ಬುಡದಲ್ಲಿ ಒತ್ತೊತ್ತಾಗಿ ನಿಂತಿತ್ತು. ಸುಳಿಯ ಅಂಚಿನ ತನಕ ಬಂದು, ಅಲ್ಲಿಂದ ದಡ ಬಿಟ್ಟು, ಒಂದೊಂದಾಗಿ ನಡುನೀರಿನ ಅಟ್ಟಣಿಗೆಯ ಕಡೆಗೆ ದಾಟಿಕೊಳ್ಳುತ್ತಿತ್ತು. ಮೇಲಿನ ಸರದಿ ಬಂಡೆಯ ದಿಕ್ಕಿಗೆ ಒಂದೂ ಹೋಗುತ್ತಿರಲಿಲ್ಲ.

ಸೊಲ್ಹಾ ತಟ್ಟೆಯನ್ನು ಬಂಡೆಯ ಮೇಲಿಟ್ಟು ಹೊಟ್ಟೆಯ ಮೇಲೆ ಮಲಗಿಯೇಬಿಟ್ಟಳು, ಮೂಗು ನೀರಿಗೆ ತಾಗುವ ಹಾಗೆ.

"ಈಮೊ, ಈ ಸುತ್ತು ಮೊದಲಿರ್ಲಿಲ್ವಾ?"

"ಎಲ್ಲಿತ್ತು? ಎಸೆದ ಪೊಟ್ಟಣ ರೆಪ್ಪೆ ಮುಚ್ಚೋದ್ರೊಳಗೆ ಮಾಯ ಆಗೋದು. ಹೋದ ವರ್ಷ ಮಾತ್ರ ಬಿರುಗಾಳಿ ಅಂತ ಇಲ್ಲಿಗೆ ಇಳಿಯೋಕಾಗ್ದೆ ಮನೇಲೇ ಎಡೆ ಇಟ್ಟಿದ್ದೆ."

ಸೊಲ್ಹಾ ಸುಳಿಯಿಂದ ಅಟ್ಟಣಿಗೆಯ ತನಕ ಕಣ್ಣು ಹಾಯಿಸಿದಳು. ಆಮೇಲೆ ಎದ್ದು ಕುಳಿತು ಹೇಳಿದಳು: "ಅಟ್ಟಣಿಗೆ ಕಾಲಿನ ಹಿಂದೆ ನೀರು ಸೋತು ನಿಲ್ಲುತ್ತೆ. ಅದು ನಂಗೊತ್ತಿತ್ತು. ಅದು ಇಷ್ಟು ದೂರ, ದಡದ ತನಕ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಮೊದಲು ಮೀನು ಗೋಡೆ ಹಿಡ್ಕೊಂಡೇ ಮೇಲಿನ ತನಕ ಹತ್ತಬೇಕಿತ್ತು ಈಮೊ. ಈಗ ನಾವು ನಡುವೆ ಒಂದು ಜಗಲಿ ಕಟ್ಟಿಟ್ಟಿದೀವಿ. ಇಲ್ಲಿಂದ ಜಗಲಿಗೆ ದಾಟಿ, ಕೂತು ಸುಧಾರಿಸ್ಕೊಂಡು, ನೀರು ನಿಂತಾಗ ಮುಂದೆ ಹೋಗ್ತವೆ. ಅದಕ್ಕೇ ನನ್ನ ಯಂತ್ರದಲ್ಲಿ ಜಾಸ್ತಿ, ನಿಮ್ಮ ಬಲೇಲಿ ಸೊನ್ನೆ."

"ಚಕ್ರ ನಿಲ್ಲಿಸಿದಾಗ?"

"ರೆಕ್ಕೆ ನಿಲ್ತು. ಕಾಲು ಅಲ್ಲೇ ಇತ್ತಲ್ಲ."

"ಅಂದ್ರೆ ಮೀನು ಓಡಿಸಿದ್ದು ನೀವೇ," ಎಂದ ಪಾನ್‌ಸೊಕ್.

"ಓಡಿಸಿಲ್ಲ ಅಜ್ಜಾ, ದಾರಿ ಬದಲಾಯ್ಸಿದೀವಿ. ಆದ್ರೆ ಹೌದು, ನಾವೇ. ವರದೀಲಿ 'ಮೀನಿನ ಮೇಲೆ ಪರಿಣಾಮ ಕಂಡಿಲ್ಲ' ಅಂತ ಬರೆದಿದ್ದೆ. ಹೊಡೆದು ಹಾಕ್ತೀನಿ."

ಮುದುಕ ಜಗಳಕ್ಕೆಂದು ಬಾಯಿ ತೆರೆದವನು ಎದುರಾಳಿ ಇಷ್ಟು ಬೇಗ ಸೋತದ್ದು ಕಂಡು ಪೆಚ್ಚಾಗಿ ಬಾಯಿ ಮುಚ್ಚಿಕೊಂಡ. ಆಮೇಲೆ ಉರುಳಿದ್ದ ಮೊಟ್ಟೆಯನ್ನು ಎತ್ತಿ, ಊದಿ, ಅವಳ ಕೈಗೆ ಕೊಟ್ಟ. "ತಿನ್ನು. ಮುಖ ನೋಡು, ಹೆಣದ ಹಾಗಾಗಿದೆ."

ಮಾಲ್‌ಸುನ್ ಬಂಡೆಯ ಬುಡದ ಪಾಚಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಎಲೆಯ ಮೇಲೆ ಹಿಟ್ಟಿನಂಥ ಕೆಸರು ಕೂತಿತ್ತು. ಹರಿವ ನೀರಲ್ಲಿ ಕನ್ನಡಿಯ ಹಾಗೆ ಹೊಳೆಯಬೇಕಾದ ಪಾಚಿ ಅದು. ಅವಳು ಬೆರಳನ್ನು ಸೊಲ್ಹಾಳಿಗೆ ತೋರಿಸಿದಳು. ಸೊಲ್ಹಾ ನೋಡಿ ತಲೆಯಾಡಿಸಿದಳು. ಖುಷಿಯ ನಡುವೆ ಅದೊಂದು ಮುಳ್ಳು ಇಬ್ಬರಿಗೂ ಚುಚ್ಚಿತು.

ಮರುದಿನ ಇಳಿತದ ಹೊತ್ತಿಗೆ ಊರಿನ ಅರ್ಧ ಜನ ಅನ್ನದ ಬಂಡೆಯ ಮೇಲಿನ ದಿಬ್ಬದಲ್ಲಿ ನೆರೆದಿದ್ದರು. ಕೆಳಗಿಳಿಯಲು ಮಾತ್ರ ಒಬ್ಬರಿಗೂ ಧೈರ್ಯವಿಲ್ಲ. ಮೀನು ಕಾಣುತ್ತಿತ್ತು, ಬಲೆ ಹಾಕುವುದು ಯಾರು? ಹೋದವರು ಉಣ್ಣುವ ಜಾಗ ಅದು.

"ಸತ್ತವರ ಬಟ್ಟಲಿಂದ ಕದ್ದು ತಿನ್ನೋದಾ?" ಎಂದಳು ಒಬ್ಬಳು.

ಮಾಲ್‌ಸುನ್ ತನ್ನ ಮನೆಯ ಕೈಬಲೆ ಹಿಡಿದು ಇಳಿದಳು. ಸೋಜು ಸುರಿದು, ಜಗಳವಾಡುವವಳ ಹಾಗೆ ಸೊಂಟಕ್ಕೆ ಕೈಯಿಟ್ಟು ನೀರಿಗೆ ಹೇಳಿದಳು: "ಅಣ್ಣಾ, ನಿನ್ನೆ ಅನ್ನ ವಾಪಸ್ ಕಳಿಸ್ದೆ. ಸಿಟ್ಟಿನಿಂದ ಅಂತ ಇವರು, ಮೀನು ತೋರಿಸೋಕೆ ಅಂತ ನಾನು. ಇಲ್ಲಿ ನಿಂತವರು ಯಾರೇ ಆಗ್ಲಿ, ಮೊದಲನೇ ಮೀನು ನಿಂದು, ನಿನ್ನ ಜೊತೆ ಇರೋರದ್ದು. ಎರಡನೇದು ನಮ್ಮದು. ಒಪ್ಪಿಗೆ ಇಲ್ದಿದ್ರೆ ಈಗ್ಲೇ ಬಲೆ ಕಿತ್ಕೋ."

ನೀರು ಬಲೆ ಕಿತ್ತುಕೊಳ್ಳಲಿಲ್ಲ. ಅವಳು ಗೋರಿದಳು. ಬಲೆಯಲ್ಲಿ ತೊಡೆಯಷ್ಟು ದಪ್ಪದ ಮೀನು ಬಡಿದಾಡಿತು. ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ನೀರಿಗೇ ಬಿಟ್ಟಳು.

ಅಷ್ಟರ ತನಕ ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದ ಪಾನ್‌ಸೊಕ್ ಗೊಣಗಿದ: "ನಾನೇನೂ ನೋಡಿಲ್ಲ." ಆಮೇಲೆ ಇನ್ನೂ ಜೋರಾಗಿ: "ಬಲೆ ಹಿಡಿಯೋದು ಹಾಗಲ್ಲ ಕಣೇ, ನಿಮ್ಮಪ್ಪ ಇದ್ದಿದ್ರೆ ನಾಚ್ಕೊಂಡು ಸಾಯ್ತಿದ್ದ! ಇಲ್ಲಿ ಕೊಡು!"

ದಿಬ್ಬದ ಮೇಲಿಂದ ನಗು ಉರುಳಿಕೊಂಡು ಬಂತು. ನಗುವಿನ ಹಿಂದೆಯೇ ಜನ.

ಸಂಘದ ಮನೆಯಲ್ಲಿ ಜಗಳ ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಮೀನು ಸಿಕ್ಕಿತಲ್ಲ, ಚಕ್ರ ಇರಲಿ ಬಿಡಿ ಎಂದರು ಕೆಲವರು. ಒಂದು ಚಕ್ರಕ್ಕೇ ಇಷ್ಟಾದರೆ ಹತ್ತು ಬಂದಾಗ ಏನು ಗತಿ, ಕಿತ್ತುಹಾಕಲಿ ಎಂದರು ಕೆಲವರು. ಅನ್ನದ ಬಂಡೆಯ ಮೇಲೆ ಯಾವ ಮನೆಗೆ ಯಾವ ಜಾಗ ಎಂಬುದರ ಮೇಲೆ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟರು. ಮಾಲ್‌ಸುನ್ ಎಲ್ಲರಿಗೂ ಕೂಗಲು ಬಿಟ್ಟು, ಗಂಟಲು ಬಿದ್ದ ಮೇಲೆ ಎದ್ದಳು.

"ಡಾಕ್ಟರಮ್ಮನ ಒಂದು ಮಾತು ಕೇಳ್ತೀನಿ. ಆ ಪಾಚಿ ಸಾಯುತ್ತಾ, ಉಳಿಯುತ್ತಾ?"

ಬಾಗಿಲ ಬಳಿ ಕೂತಿದ್ದ ಸೊಲ್ಹಾ ಎದ್ದು ನಿಂತಳು. "ಗೊತ್ತಿಲ್ಲ," ಎಂದಳು. "ಅಲ್ಲಿ ಒಂದು ವರ್ಷ ಅಳೆದ್ರೆ ಗೊತ್ತಾಗುತ್ತೆ. ಅಟ್ಟಣಿಗೆ ಕಾಲು ಸಣ್ಣ ಮಾಡಿದ್ರೆ, ಇಲ್ಲ ಸ್ವಲ್ಪ ಆಚೆ ಸರಿಸಿದ್ರೆ ನೀರು ಮೊದಲಿನ ಹಾಗಾಗುತ್ತೇನೋ. ಅದನ್ನೂ ಮಾಡಿ ನೋಡಬೇಕು. ಈಗ ಕಿತ್ತುಬಿಟ್ರೆ ಯಾರಿಗೂ ಯಾವತ್ತೂ ಗೊತ್ತಾಗಲ್ಲ. ಇನ್ನೊಂದು ಊರಲ್ಲಿ ಹೋಗಿ ಇದೇ ತಪ್ಪು ಮಾಡ್ತೀವಿ."

"ಗೊತ್ತಿಲ್ಲ ಅಂತ ಹೇಳೋಕೆ ಇವಳಿಗೆ ಇಷ್ಟು ವರ್ಷ ಬೇಕಾಯ್ತು," ಎಂದ ಪಾನ್‌ಸೊಕ್. "ನಾನಂತೂ ಇನ್ನೂ ಒಂದ್ಸಲಾನೂ ಹೇಳಿಲ್ಲ. ಇವಳು ಇರ್ಲಿ." ಕೈ ಎತ್ತಿದವರಲ್ಲಿ ಅವನೇ ಮೊದಲಿಗ.

ಮಾಲ್‌ಸುನ್ ಹೊಸ ಕಾಗದವನ್ನು ಜಗಲಿಯಲ್ಲೇ ಕೂತು ಬರೆದಳು, ತತ್ತಿ ಮಗುಚುವ ನಡುನಡುವೆ. ಈಗ ಹಲಗೆಗಳು ಮೂರಾಗಿದ್ದವು. ಚಕ್ರ ಇನ್ನೊಂದು ವರ್ಷ ಇರಲಿ. ಅಷ್ಟರಲ್ಲಿ ಅದರ ಕಾಲುಗಳನ್ನು ತಿದ್ದಿ. ಅನ್ನದ ಬಂಡೆಯಲ್ಲಿ ಅಳತೆಯ ಯಂತ್ರ ಇಡಲು ಊರಿನ ಒಪ್ಪಿಗೆಯಿದೆ. ಆದರೆ ಇಡುವ ದಿನವನ್ನು ನಾವು ಗೊತ್ತುಮಾಡುತ್ತೇವೆ, ಮೊದಲು ಎಡೆ, ಆಮೇಲೆ ಯಂತ್ರ. ಅಳೆದದ್ದನ್ನು ತಿಂಗಳಿಗೊಮ್ಮೆ ಸಂಘದ ಮನೆಯಲ್ಲಿ ಓದಿ ಹೇಳಬೇಕು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಪಾಚಿ ಸತ್ತರೆ ಚಕ್ರ ಏಳಬೇಕು. ಸೊಲ್ಹಾ ಅವರೇ ಅಳೆಯಬೇಕು, ಬೇರೆಯವರನ್ನು ಕಳಿಸಬೇಡಿ.

ಕೊನೆಯ ಸಾಲು ಸಂಘದ ತೀರ್ಮಾನದಲ್ಲಿ ಇರಲಿಲ್ಲ. ಅವಳು ಅದನ್ನು ಹೊಡೆದು ಹಾಕಲೂ ಇಲ್ಲ. ಮೊಹರಿನ ಡಬ್ಬಿ ತೆರೆದಳು. ಕೆಂಪು ಮಸಿ ಹಸಿಹಸಿಯಾಗಿಯೇ ಇತ್ತು. ಒತ್ತಿದಳು. ಹಳೆಯ ಲಕೋಟೆಯನ್ನು ಒಲೆಗೆ ಹಾಕಿದಾಗ ಅದು ಎಳ್ಳೆಣ್ಣೆಯ ಪರಿಮಳ ಬಿಟ್ಟು ಉರಿಯಿತು.

ಅಂಚೆಯವನ ಕೆಂಪು ಬೈಕು ಗೇಟಿನ ಮುಂದೆ ಬಂದು ನಿಂತಿತು. ಅವಳು ಲಕೋಟೆ ಚಾಚಿದಳು, ಅವನು ಹಿಡಿದ, ಅವಳು ಬಿಡಲಿಲ್ಲ.

"ಅಮ್ಮಾ, ಬಿಟ್ರೆ ತಾನೇ ನಾನು ತಗೊಂಡು ಹೋಗೋದು?"

"ತಿಂಗಳ ಕೊನೆಯೊಳಗೆ ಮುಟ್ಟುತ್ತಾ?"

"ನಾಳೇನೇ ಮುಟ್ಟುತ್ತೆ. ಇದೇನಿದು, ಎಣ್ಣೆ ಕಲೆ?"

"ಅವರೂ ಸ್ವಲ್ಪ ವಾಸನೆ ನೋಡ್ಲಿ," ಎಂದು ಮಾಲ್‌ಸುನ್ ಕೈ ಬಿಟ್ಟಳು.

ಅವನು ಲಕೋಟೆಯನ್ನು ಚೀಲದೊಳಗೆ ಹಾಕಿ ಬಕ್ಕಲು ಬಿಗಿದ. ಬೈಕು ಇಳಿಜಾರಿನಲ್ಲಿ ಇಳಿದು, ಸೋರಿಮೋಕ್‌ನ ಕೂಗಿನ ಪಕ್ಕದಲ್ಲೇ ಹಾದು, ಸೇತುವೆ ಹತ್ತಿತು.